ಊರೊಳಗಿನ ಗೋರಿಗಳು

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ನಮ್ಮಲ್ಲಿ ಹೆಚ್ಚಿನವರು ಅಶೋಕನ ಶಾಸನದಿಂದ ಬಲ್ಲೆವು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ನಡೆಸಿದ ಉತ್ಖನನವು ಶಾಸನಕ್ಕಿಂತ ಬಹು ಹಿಂದಿನದೊಂದು ಸಂಗತಿಯನ್ನು ಬೆಳಕಿಗೆ ತಂದಿತು. ನಯಗೊಳಿಸಿದ ಕಲ್ಲುಕೊಡಲಿಗಳನ್ನು ಬಳಸುತ್ತಿದ್ದ ನವಶಿಲಾಯುಗದ ಜನರು ಸತ್ತ ಶಿಶುಗಳನ್ನು ಮಡಕೆಗಳಲ್ಲಿಟ್ಟು ತಮ್ಮ ವಸತಿಯೊಳಗೇ ಹೂಳುತ್ತಿದ್ದರು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾವ್ ಅವರು 1963ರಿಂದ ನಡೆಸಿದ ಅಗೆತದಲ್ಲಿಯೂ ಇದೇ ಪದ್ಧತಿ ಕಂಡಿತು. ಅಲ್ಲಿ ವಯಸ್ಕರನ್ನೂ ಗುಂಡಿಗಳಲ್ಲಿ ನೀಳವಾಗಿ ಮಲಗಿಸಿ ಊರೊಳಗೇ ಇರಿಸಿಕೊಂಡಿದ್ದರು.

ಮಡಕೆಯನ್ನು ತಾಯಿಯ ಗರ್ಭವೆಂದೂ ಹೂಳುವಿಕೆಯನ್ನು ಮರುಹುಟ್ಟಿನ ನಿರೀಕ್ಷೆಯೆಂದೂ ಓದುವವರುಂಟು. ದೇವಶಾಸ್ತ್ರ ಕಲಿಸುವ ನಮಗೆ ಆ ಓದಿನ ಸೆಳೆತ ಇನ್ನೂ ಹೆಚ್ಚು. ಆದರೆ ಲಿಪಿಯಿಲ್ಲದ ಜನರ ನಂಬಿಕೆಯನ್ನು ಎಲುಬುಗಳು ಹೇಳಲಾರವು. ಅವು ಹೇಳುವುದು ಸ್ಥಳವೊಂದನ್ನೇ. ಒಲೆಗೂ ಬೀಸುವ ಕಲ್ಲಿಗೂ ಸಮೀಪದಲ್ಲಿಯೇ ಕೂಸಿಗೊಂದು ಜಾಗವಿತ್ತು. ಮುಂದೆ ಕಬ್ಬಿಣದ ಕಾಲದಲ್ಲಿ ಅದೇ ಬ್ರಹ್ಮಗಿರಿಯ ಗೋರಿಗಳು ಮನೆಗಳಿಂದ ದೂರ ಸರಿದು, ಕಲ್ಲಿನ ವೃತ್ತಗಳ ನಡುವಣ ಚಪ್ಪಡಿ ಕೋಣೆಗಳಾದವು.

ಬೈಬಲಿನ ನಾಡಿನಲ್ಲಿಯೂ ಇಂಥ ದೂರ ಬೆಳೆಯಿತು. ಜೆರಿಕೋದ ನವಶಿಲಾಯುಗದ ಮನೆಗಳ ನೆಲದಡಿಯಲ್ಲಿ ಸತ್ತವರಿದ್ದರು. 1953ರಲ್ಲಿ ಕ್ಯಾಥ್ಲೀನ್ ಕೆನ್ಯನ್ ಅಲ್ಲಿಂದ ಗಾರೆ ಮೆತ್ತಿ ಕಪ್ಪೆಚಿಪ್ಪಿನ ಕಣ್ಣಿಟ್ಟ ತಲೆಬುರುಡೆಗಳನ್ನು ಹೊರತೆಗೆದರು. ಸಾವಿರಾರು ವರ್ಷಗಳ ಬಳಿಕ ಸಂಖ್ಯಾಕಾಂಡದ 19ನೆಯ ಅಧ್ಯಾಯವು ಗೋರಿ ಮುಟ್ಟಿದವನಿಗೆ ಏಳು ದಿನದ ಮೈಲಿಗೆಯನ್ನು ವಿಧಿಸುತ್ತದೆ. ಆದರೂ ಸಮುವೇಲನನ್ನು ರಾಮಾದ ಅವನ ಮನೆಯಲ್ಲಿಯೇ ಹೂಳಿದರೆಂದು ಪವಿತ್ರಗ್ರಂಥವೇ ಹೇಳುತ್ತದೆ. ವ್ಯಾಖ್ಯಾನಕಾರರು ಇದನ್ನು ಬೇಗನೆ ದಾಟಿಬಿಡುವುದುಂಟು.

ಧರ್ಮಸಭೆಯಾದರೋ ಮೃತರನ್ನು ಮತ್ತೆ ಒಳಕ್ಕೆ ಕರೆಯಿತು. ರಕ್ತಸಾಕ್ಷಿಗಳ ಅಸ್ಥಿಯ ಮೇಲೆ ಬಲಿಪೀಠವನ್ನು ಕಟ್ಟಿತು. ಆದರೆ ಎಲ್ಲರನ್ನೂ ಕರೆಯಲಿಲ್ಲ. ಜ್ಞಾನಸ್ನಾನವಿಲ್ಲದೆ ತೀರಿಕೊಂಡವರಿಗೆ 1917ರ ಧರ್ಮಸಂಹಿತೆಯ 1239ನೆಯ ನಿಯಮವು ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸಿತ್ತು. ಶಿಶುಗಳೂ ಇದಕ್ಕೆ ಹೊರತಾಗಿರಲಿಲ್ಲ. 1983ರ ಸಂಹಿತೆಯ 1183ನೆಯ ನಿಯಮದಂತೆ, ಜ್ಞಾನಸ್ನಾನ ಕೊಡಿಸಬೇಕೆಂದು ಹೆತ್ತವರು ಬಯಸಿದ್ದರೆ ಅಂಥ ಮಗುವಿಗೆ ಸಂಸ್ಕಾರ ನೀಡಲು ಸ್ಥಳೀಯ ಧರ್ಮಾಧ್ಯಕ್ಷರು ಅನುಮತಿಸಬಹುದು. ಅಂಥ ಶಿಶುಗಳ ರಕ್ಷಣೆಯ ಭರವಸೆಯನ್ನು ಕುರಿತು ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗದ ದಸ್ತಾವೇಜು ಪ್ರಕಟವಾದುದು 2007ರಲ್ಲಿ.

ನಾವು ಯಾಜಕರಾದ ಹೊಸತರಲ್ಲಿ, ಧರ್ಮಕೇಂದ್ರವೊಂದರ ಸಮಾಧಿಭೂಮಿಯನ್ನು ಮಂತ್ರಿಸಲು ಹೋಗಿದ್ದಾಗ ವೃದ್ಧೆಯೊಬ್ಬರು ನಮ್ಮನ್ನು ಗೋಡೆಯ ಆಚೆಗೂ ಕರೆದೊಯ್ದರು. ಅಲ್ಲಿ ಕಲ್ಲಿರಲಿಲ್ಲ, ಶಿಲುಬೆಯಿರಲಿಲ್ಲ. ‘ಇಲ್ಲಿ ನನ್ನದೊಂದಿದೆ, ಸ್ವಾಮಿ’ ಎಂದರು. ಐವತ್ತು ವರ್ಷಗಳಾದರೂ ಜಾಗ ತಪ್ಪಿರಲಿಲ್ಲ. ತೀರ್ಥದ ಪಾತ್ರೆ ನಮ್ಮ ಕೈಯಲ್ಲಿಯೇ ಇತ್ತು.