ಗಾಜಿನ ಗೇರುಹಣ್ಣು

ಡಿಸೆಂಬರ್ ಕೊನೆಯ ವಾರ. ಮಗಳ ಮನೆಗೆಂದು ಬಾಸ್ಟನ್ನಿಗೆ ಹೋಗಿದ್ದ ನಾನು ಒಂದು ಬೆಳಿಗ್ಗೆ ಮೊಮ್ಮಗಳ ಕೈಹಿಡಿದು ಹಾರ್ವರ್ಡ್ ವಿಶ್ವವಿದ್ಯಾಲಯದ ಆವರಣ ದಾಟುತ್ತಿದ್ದೆ. ರಜೆ ಶುರುವಾಗಿ ವಿದ್ಯಾರ್ಥಿಗಳೆಲ್ಲ ಊರಿಗೆ ಹೋಗಿದ್ದರು. ಕೆಂಪು ಇಟ್ಟಿಗೆಯ ಕಟ್ಟಡಗಳು, ಬೋಳು ಮರಗಳು, ಹುಲ್ಲಿನ ಮೇಲೆ ಹಿಮ. ಬಹಳ ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು ನಾನು. ಆಗ ತಲೆಗೆ ಬಂದ ಪ್ರಶ್ನೆ ಇಷ್ಟೇ: ಇಂಥ ಊರಿನಲ್ಲಿ ಚಳಿಗಾಲದಲ್ಲಿ ಹೂವಿನ ಪಾಠ ಮಾಡುವುದು ಹೇಗೆ?

ಈ ಪ್ರಶ್ನೆ ಇಲ್ಲಿನ ಮೇಷ್ಟ್ರುಗಳನ್ನೂ ಕಾಡಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾರ್ವರ್ಡಿನ ಸಸ್ಯ ಸಂಗ್ರಹಾಲಯವನ್ನು ಕಟ್ಟುತ್ತಿದ್ದವರು ಜಾರ್ಜ್ ಲಿಂಕನ್ ಗುಡೇಲ್. ಹರ್ಬೇರಿಯಂ ಹಾಳೆಗೆ ಅಂಟಿಸಿದ ಗಿಡದಲ್ಲಿ ಬಣ್ಣ ಉಳಿಯುವುದಿಲ್ಲ, ಆಕಾರ ಚಪ್ಪಟೆಯಾಗುತ್ತದೆ. ಮೇಣದ್ದೋ ಕಾಗದದ ರೊಟ್ಟಿನದ್ದೋ ಮಾದರಿಗಳು ಒರಟು. ಅದೇ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಮ್ಯೂಸಿಯಂನಲ್ಲಿ ಗುಡೇಲ್ ಗಾಜಿನ ಸಮುದ್ರಜೀವಿಗಳನ್ನು ನೋಡಿದ್ದರು. ಲೋಳೆಮೀನು ಬಾಟಲಿಯ ದ್ರಾವಣದಲ್ಲಿ ಮುದ್ದೆಯಾಗುತ್ತದೆ, ಗಾಜಿನಲ್ಲಾದರೆ ಈಜುತ್ತಿರುವಂತೆಯೇ ನಿಲ್ಲುತ್ತದೆ. ಹೂವನ್ನೂ ಹೀಗೇ ಮಾಡಬಹುದಲ್ಲ ಎಂದು ಅವರು 1886ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿಯ ಹೋಸ್ಟರ್‌ವಿಟ್ಸ್ ಎಂಬಲ್ಲಿಗೆ ಹೋದರು. ಆ ಮಾದರಿಗಳನ್ನು ಮಾಡಿದ್ದ ಲಿಯೋಪೋಲ್ಡ್ ಬ್ಲಾಷ್ಕಾ ಮತ್ತು ಅವರ ಮಗ ರುಡಾಲ್ಫ್ ಅಲ್ಲಿದ್ದರು.

ಅಪ್ಪನಿಗೆ ಇದು ಹೊಸದಲ್ಲ. ಬೊಹೀಮಿಯಾದ ಗಾಜುಗಾರರ ವಂಶ ಅವರದು, ಕೃತಕ ಕಣ್ಣುಗಳನ್ನೂ ಮಾಡಿದ ಕೈ. ಸಮುದ್ರಜೀವಿಗಳಿಗೆ ಮೊದಲೇ ಆರ್ಕಿಡ್ ಹೂಗಳನ್ನು ಮಾಡಿದ್ದರು. ಆದರೆ ಸಮುದ್ರಜೀವಿಗಳ ವ್ಯಾಪಾರ ಚೆನ್ನಾಗಿ ನಡೆದಿತ್ತು. ಅವರು ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಕೆಲವು ಹೂಗಳನ್ನು ಮಾಡಿ ಕಳಿಸಿದರು. ನ್ಯೂಯಾರ್ಕಿನ ಕಸ್ಟಮ್ಸ್ ತಪಾಸಣೆಯಲ್ಲಿ ಅವು ಒಡೆದುಹೋದವು. ಉಳಿದ ಚೂರುಗಳನ್ನು ನೋಡಿಯೇ ಗುಡೇಲ್ ಈ ಕೆಲಸ ಆಗಲೇಬೇಕೆಂದು ನಿಶ್ಚಯಿಸಿದರು. ಹಣ ಕೊಟ್ಟವರು ಬಾಸ್ಟನ್ನಿನ ತಾಯಿ ಮಗಳು, ಎಲಿಜಬೆತ್ ವೇರ್ ಮತ್ತು ಮೇರಿ ಲೀ ವೇರ್. ಇಡೀ ಸಂಗ್ರಹವನ್ನು ಅವರು ತೀರಿಹೋದ ಡಾಕ್ಟರ್ ಚಾರ್ಲ್ಸ್ ಎಲಿಯಟ್ ವೇರ್ ಅವರ ನೆನಪಿಗೆ ಅರ್ಪಿಸಿದರು. ಒಬ್ಬರಿಗೆ ಗಂಡ, ಇನ್ನೊಬ್ಬರಿಗೆ ಅಪ್ಪ.

1890ರಿಂದ ಬ್ಲಾಷ್ಕಾಗಳು ಹಾರ್ವರ್ಡಿಗೆ ಮಾತ್ರ ಕೆಲಸ ಮಾಡಿದರು. ಅಮೆರಿಕದ ಗಿಡಗಳನ್ನು ತಮ್ಮ ತೋಟದಲ್ಲಿ ಬೆಳೆಸಿ, ಬಿಡಿಸಿ, ಕತ್ತರಿಸಿ ನೋಡುತ್ತಿದ್ದರು. ಉಪಕರಣಗಳು ಬಹಳ ಸರಳ: ಒಂದು ಮೇಜು, ದೀಪ, ಕಾಲಲ್ಲಿ ಒತ್ತುವ ತಿದಿ, ಚಿಮುಟ. ಜ್ವಾಲೆಯಲ್ಲಿ ಮೆತ್ತಗಾದ ಗಾಜನ್ನು ಎಳೆದು, ಚಿವುಟಿ, ಒತ್ತಿ ದಳ ಮಾಡುವುದು, ಕಾಂಡದೊಳಗೆ ತಂತಿ, ಮೇಲೆ ಬಣ್ಣ. ಗುಟ್ಟಿನ ಯಂತ್ರವೇನೋ ಇದೆ ಎಂದು ಜನ ಭಾವಿಸಿದ್ದರು. ಯಂತ್ರವಿಲ್ಲ, ತಲೆಮಾರುಗಳಿಂದ ಬಂದ ಕೈಯ ಅಳತೆ ಅಷ್ಟೇ ಎಂದು ಲಿಯೋಪೋಲ್ಡ್ ಹೇಳುತ್ತಿದ್ದರು.

1895ರಲ್ಲಿ ಅಪ್ಪ ತೀರಿಹೋದ ಮೇಲೆ ರುಡಾಲ್ಫ್ ಒಬ್ಬರೇ 1936ರವರೆಗೆ ಈ ಕೆಲಸ ಮಾಡಿದರು. ಬಹಳ ವರ್ಷಗಳ ಮೇಲೆ ಕೈಗೆತ್ತಿಕೊಂಡದ್ದು ಯಾವುದನ್ನು ಗೊತ್ತೇ? ಕೊಳೆತ ಹಣ್ಣುಗಳನ್ನು. ಬೂಷ್ಟು ಹಿಡಿದ ಪೇರು, ಕಪ್ಪಾದ ಸ್ಟ್ರಾಬೆರಿ, ರೋಗ ಬಿದ್ದ ಎಲೆ. ಬೆಳೆಗಾರನಿಗೆ ಗುರುತು ಸಿಗಬೇಕಾದದ್ದು ಅದೇ ತಾನೇ! ರುಡಾಲ್ಫರಿಗೆ ಮಕ್ಕಳಿರಲಿಲ್ಲ, ಶಿಷ್ಯರನ್ನೂ ಅವರು ತಯಾರು ಮಾಡಲಿಲ್ಲ. ಸುಮಾರು 780 ಜಾತಿಗಳ 4,300ರಷ್ಟು ಮಾದರಿಗಳನ್ನು ಬಿಟ್ಟು 1939ರಲ್ಲಿ ಅವರು ಹೋದಾಗ ಆ ಕೈಯ ಅಳತೆಯೂ ಹೋಯಿತು.

ಆಕ್ಸ್‌ಫರ್ಡ್ ಸ್ಟ್ರೀಟಿನ ಮ್ಯೂಸಿಯಂನಲ್ಲಿ ಕೋಟು ಕಳಚಿಟ್ಟು, ಹಳೆಯ ಮರದ ಕಪಾಟುಗಳ ಸಾಲಿನಲ್ಲಿ ನಡೆಯುತ್ತಾ ನಾನು ಇದನ್ನೆಲ್ಲ ಮೊಮ್ಮಗಳಿಗೆ ಹೇಳುತ್ತಿದ್ದೆ. ಅವಳಿಗೆ ಜೇನುನೊಣ ಕಂಡರೆ ಸಾಕಿತ್ತು. ಆಮೇಲೆ ಒಂದು ಕಪಾಟಿನ ಮುಂದೆ ನಾನೇ ನಿಂತುಬಿಟ್ಟೆ. ಒಳಗೆ ಗೇರುಹಣ್ಣು! ನಮ್ಮ ಮನೆಯ ಗುಡ್ಡದ್ದೇ ಅನ್ನಿಸುವಂಥದ್ದು. ದಕ್ಷಿಣ ಅಮೆರಿಕದ ಈ ಮರವನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಅದು ಹಿಮದೂರಿನ ಕಪಾಟಿನಲ್ಲಿ, ಯಾರ ಮೂಗಿಗೂ ವಾಸನೆ ತಾಗದಂತೆ, ಚೊಗರಿಲ್ಲದೆ, ನೂರಕ್ಕೂ ಹೆಚ್ಚು ವರ್ಷಗಳಿಂದ ಹಣ್ಣಾಗಿಯೇ ಉಳಿದಿದೆ.

ನಾನು ಪಾಠ ಮಾಡುವಾಗ ಮಾದರಿಗಳ ಯೋಚನೆಯನ್ನೇ ಮಾಡಿದವಳಲ್ಲ. ಬೆಳಿಗ್ಗೆ ಒಂದು ಬಕೆಟ್ ದಾಸವಾಳ ಕಿತ್ತು ತಂದರೆ ಪ್ರಯೋಗಾಲಯ ನಡೆಯುತ್ತಿತ್ತು. ಮಧ್ಯಾಹ್ನಕ್ಕೆ ಬಾಡಿದ್ದನ್ನು ಗುಡಿಸಿ ಹಾಕಿದರಾಯಿತು, ನಾಳೆ ಬೇರೆ ಹೂವಿದೆ. ನಮ್ಮಲ್ಲಿ ಹೂವಿಗೆ ರಜೆಯಿಲ್ಲವಲ್ಲ. ರಜೆ ಬಂದದ್ದು ತರಗತಿಗೆ. ನಾನು ನಿವೃತ್ತಳಾದ ಕೆಲವು ವರ್ಷಗಳಲ್ಲೇ ಆ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ವಿದ್ಯಾರ್ಥಿಗಳಿಲ್ಲದೆ ಮುಚ್ಚಿತು. ಬೇಲಿಯ ದಾಸವಾಳ ಈಗಲೂ ದಿನಾ ಅರಳುತ್ತದಂತೆ. ದಳ ಸರಿಸಿ ಕೇಸರ ಎಣಿಸುವವರು ಮಾತ್ರ ಯಾರೂ ಇಲ್ಲ. ಕೈಯ ಅಳತೆ ಹೋಗುವುದಕ್ಕೆ ಗಾಜುಗಾರನೇ ಸಾಯಬೇಕೆಂದಿಲ್ಲ.

"ಅಜ್ಜೀ, ಬೀಜ ಯಾಕೆ ಹೊರಗಿದೆ?" ಎಂದಳು ಮೊಮ್ಮಗಳು.

ಕಣ್ಣಿಗೆ ಹಣ್ಣಿನಂತೆ ಕಾಣುವುದು ಉಬ್ಬಿದ ತೊಟ್ಟು, ನಿಜವಾದ ಹಣ್ಣು ಕೆಳಗೆ ನೇತಾಡುವ ಆ ಬೀಜವೇ ಎಂದು ಕಪಾಟಿನ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ನಂಬಲಿಲ್ಲ. ಮೂಗನ್ನು ಗಾಜಿಗೆ ಒತ್ತಿ ಮತ್ತೆ ನೋಡಿದಳು. ಉಸಿರಿನಿಂದ ಮಂಜು ಕವಿದಾಗ ತೋಳಿನಿಂದ ಒರೆಸಿ, ಇನ್ನೊಮ್ಮೆ ನೋಡಿದಳು.