ಊರಿನ ಹೆಸರು, ಗ್ರಂಥದ ವಿಳಾಸ: ವಿಜಯಪುರ ಸೀಮೆಯಲ್ಲಿ ಆಕರಗಳ ಶೋಧ

ವಿಜಯಪುರದ ಆಸಾರ್ ಮಹಲಿಗೆ ಬರುವವರು ಗೋಡೆಯ ಮೇಲೆ ಅಳಿದುಳಿದ ಚಿತ್ರಗಳನ್ನೂ ಮುಂದಿರುವ ಕೊಳವನ್ನೂ ನೋಡಿ ಮರಳುತ್ತಾರೆ. ಆದಿಲ್‌ಶಾಹಿ ಅರಸರ ಗ್ರಂಥಭಂಡಾರದಲ್ಲಿ ಉಳಿದುಬಂದ ಹಸ್ತಪ್ರತಿಗಳು ಒಂದು ಕಾಲಕ್ಕೆ ಇದೇ ಕಟ್ಟಡದಲ್ಲಿದ್ದವು. 1853ರಲ್ಲಿ ಅವು ಲಂಡನ್ನಿಗೆ ಸಾಗಿದವು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಈ ಸಂಗ್ರಹದ ಅರಬ್ಬೀ ಪ್ರತಿಗಳ ವಿವರ ಬೇಕಾದವರು ಜರ್ಮನ್ ವಿದ್ವಾಂಸ ಒಟ್ಟೊ ಲೋತ್ 1877ರಲ್ಲಿ ಪ್ರಕಟಿಸಿದ ಇಂಡಿಯಾ ಆಫೀಸಿನ ಗ್ರಂಥಸೂಚಿಯನ್ನು ತೆರೆಯಬೇಕು. ಊರಿನ ಭಂಡಾರಕ್ಕೆ ಹೋಗುವ ದಾರಿ ಹೀಗೆ ಪರದೇಶದ ಸೂಚಿಯೊಂದರ ಮೂಲಕ ಹಾಯುತ್ತದೆ. ಸೂಚಿಯನ್ನು ಅರಿಯದವನಿಗೆ ಆ ಗ್ರಂಥಗಳು ಇದ್ದೂ ಇಲ್ಲದಂತೆಯೇ.

ಆಕರವನ್ನು ಹುಡುಕುವ ಕಾರ್ಯವು ಸಂಶೋಧನೆಯ ಪೂರ್ವಸಿದ್ಧತೆ ಮಾತ್ರವೆಂದು ಭಾವಿಸುವವರು ಬಹಳ. ವಿಜಯಪುರ ಸೀಮೆಯ ವಿದ್ಯಾಚರಿತ್ರೆಯನ್ನು ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ.

ಮೊದಲ ತೊಡಕು ಹೆಸರಿನದು. ವಿಜಯಪುರ–ತಿಕೋಟಾ ಭಾಗದ ಇಟ್ಟಂಗಿಹಾಳದ ವಿದ್ಯಾರ್ಥಿಯೊಬ್ಬ ತನ್ನ ಊರಿನ ಸುತ್ತಲಿನ ಶಾಸನಗಳನ್ನು ಅರಸಲು ತೊಡಗಿದನೆಂದು ಭಾವಿಸೋಣ. ‘ವಿಜಯಪುರ’ವೆಂದು ಹುಡುಕಿದರೆ ಅವನಿಗೆ ದೊರೆಯುವುದು ಅತ್ಯಲ್ಪ, ನಗರದ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಪ್ರಕಟಣೆಗಳಲ್ಲೆಲ್ಲ ಇರುವುದು ಬಿಜಾಪುರ. ಹತ್ತೊಂಬತ್ತನೆಯ ಶತಮಾನದ ದಾಖಲೆಗಳಿಗೆ ಹೋದರೆ ಜಿಲ್ಲೆಯ ಹೆಸರೇ ಕಲಾದಗಿ. ತಿಕೋಟಾ, ಬಬಲೇಶ್ವರಗಳು ತೀರ ಇತ್ತೀಚೆಗೆ ತಾಲ್ಲೂಕುಗಳಾದವು. ಹಳೆಯ ಸೂಚಿಗಳಲ್ಲಿ ಅವುಗಳ ಹಳ್ಳಿಗಳು ಬಿಜಾಪುರ ತಾಲ್ಲೂಕಿನ ಕೆಳಗೆ ಅಡಗಿವೆ. 1997ರವರೆಗೆ ಬಾಗಲಕೋಟೆಯೂ ಇದೇ ಜಿಲ್ಲೆಗೆ ಸೇರಿತ್ತಾದ್ದರಿಂದ ಬಾದಾಮಿ, ಐಹೊಳೆಗಳ ಸಾಮಗ್ರಿಯೂ ಬಿಜಾಪುರದ ಹೆಸರಿನಲ್ಲೇ ಬಂದಿದೆ. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯಲ್ಲಿ ಈ ಪ್ರದೇಶದ ಕನ್ನಡ ಶಾಸನಗಳಿರುವ ಸಂಪುಟಗಳಿಗೆ ‘ಬಾಂಬೆ–ಕರ್ನಾಟಕ’ ಎಂಬ ಹೆಸರಿದೆ. ರಾಜ್ಯದ ಗಡಿ ಬದಲಾಯಿತು, ಸಂಪುಟದ ಹೆಸರು ಬದಲಾಗಲಿಲ್ಲ. ರೋಮನ್ ಲಿಪಿಯಲ್ಲಿ ಒಂದೊಂದು ಹಳ್ಳಿಯ ಹೆಸರಿಗೆ ಇರುವ ಎರಡು ಮೂರು ಕಾಗುಣಿತಗಳ ಮಾತು ಬೇರೆಯೇ ಇದೆ.

ಇದೇ ನಗರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ (1880–1964) ಕಾಲಕ್ಕೆ ಸೂಚಿಗಳ ಈ ತೊಡಕೂ ಇರಲಿಲ್ಲ, ಏಕೆಂದರೆ ಅವರು ಅರಸುತ್ತಿದ್ದ ಸಾಹಿತ್ಯಕ್ಕೆ ಸೂಚಿಯೇ ಇರಲಿಲ್ಲವೆನ್ನಬಹುದು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂದಿತ್ತು. ಅದು ಮಹಾಕಾರ್ಯವೇ ಸರಿ. ಆದರೆ ಅದರಲ್ಲಿ ಕಾಣಿಸಿಕೊಂಡ ವಚನಕಾರರು ಸುಮಾರು ಐವತ್ತು ಮಂದಿಯೆಂದೂ ಹಳಕಟ್ಟಿಯವರ ಶೋಧದಿಂದ ಆ ಸಂಖ್ಯೆ ಇನ್ನೂರೈವತ್ತನ್ನು ಮುಟ್ಟಿತೆಂದೂ ಹೇಳುವ ರೂಢಿಯಿದೆ. ಈ ಅಂತರವು ಹೊಸ ಸಿದ್ಧಾಂತದಿಂದ ತುಂಬಿದ್ದಲ್ಲ. ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ, ಪೂಜೆಯ ಗೂಡುಗಳಲ್ಲಿ ಕಟ್ಟಿಟ್ಟಿದ್ದ ತಾಡೋಲೆಗಳನ್ನು ಒಂದೊಂದಾಗಿ ಬೇಡಿ ತಂದು, ಓದಿ, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿದ್ದರಿಂದ ತುಂಬಿತು.

‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ವೀರಶೈವ ಶಾಸ್ತ್ರಗ್ರಂಥವೊಂದು ಮಹಾವೀರನ ಹೆಸರಿನ ಅಚ್ಚುಕೂಟದಿಂದ ಹೊರಬಂದದ್ದು ಆ ಕಾಲದ ವಿದ್ಯಾಸೌಹಾರ್ದವನ್ನು ಬಲ್ಲವರಿಗೆ ಆಶ್ಚರ್ಯವೆನಿಸದು. ಬಳಿಕ 1925ರಲ್ಲಿ ಅವರು ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ವಿಜಯಪುರದಲ್ಲಿಯೇ ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಹಳಕಟ್ಟಿಯವರ ಜೀವನವನ್ನು ಬರೆದವರು ಮನೆ ಮಾರಿದ ತ್ಯಾಗವನ್ನು ಎತ್ತಿ ಹೇಳುತ್ತಾರೆ, ಅದು ಯುಕ್ತವೇ. ಪತ್ರಿಕೆಯ ವಿದ್ವತ್ ಮಹತ್ತ್ವವನ್ನು ಅಷ್ಟು ಒತ್ತಿ ಹೇಳಿದವರು ಕಡಿಮೆ. ದೊರೆತ ಪ್ರತಿಯನ್ನು ದೊರೆತ ಕಾಲಕ್ಕೇ ವಿದ್ವಾಂಸರ ಮುಂದಿಡುವ, ಇನ್ನೊಬ್ಬರ ಬಳಿಯಿರುವ ಪ್ರತಿಯನ್ನು ಬೆಳಕಿಗೆ ತರುವ ಸಾಧನ ಅದು. ಗ್ರಂಥವು ಪೂರ್ಣವಾಗುವವರೆಗೆ ಕಾದಿದ್ದರೆ ಹಲವು ಪ್ರತಿಗಳು ಗೆದ್ದಲಿನ ಪಾಲಾಗುತ್ತಿದ್ದವು.

ಈ ಸೀಮೆಯಿಂದ ಬಹು ದೂರವಲ್ಲದ ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಆ. ನೇ. ಉಪಾಧ್ಯೆಯವರದು (1906–1975) ಬೇರೊಂದು ಮಾದರಿ. ಅವರು ಸಂಪಾದಿಸಿದ ‘ಪ್ರವಚನಸಾರ’ದ (1935) ಪ್ರಸ್ತಾವನೆಯನ್ನು ಓದಿದವರಿಗೆ ಅವರ ಕ್ರಮ ತಿಳಿಯುತ್ತದೆ. ಹಿಂದಿನವರು ಏನು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು, ಅದರಲ್ಲಿ ಎಷ್ಟು ನಿಲ್ಲುತ್ತದೆ ಎಂಬುದನ್ನು ತೂಗಿದ ಮೇಲೆಯೇ ಅವರ ಸ್ವಂತದ ಮಾತು.

ಕನ್ನಡ ವಿದ್ಯಾರ್ಥಿಗೆ ಇವರಿಂದ ಕಲಿಯಬೇಕಾದ ಮುಖ್ಯ ಪಾಠ ‘ವಡ್ಡಾರಾಧನೆ’ಯ ವಿಷಯದಲ್ಲಿದೆ. ಡಿ. ಎಲ್. ನರಸಿಂಹಾಚಾರ್ಯರ ಪ್ರಸಿದ್ಧ ಸಂಪಾದನೆ ಪ್ರಕಟವಾದದ್ದು 1949ರಲ್ಲಿ. ಅದಕ್ಕೆ ಆರು ವರ್ಷ ಹಿಂದೆ, 1943ರಲ್ಲಿ, ಹರಿಷೇಣನ ಸಂಸ್ಕೃತ ‘ಬೃಹತ್ಕಥಾಕೋಶ’ಕ್ಕೆ ಬರೆದ ಇಂಗ್ಲಿಷ್ ಪ್ರಸ್ತಾವನೆಯಲ್ಲಿ ಉಪಾಧ್ಯೆಯವರು ಆರಾಧನಾ ಕಥೆಗಳ ಪರಂಪರೆಯನ್ನೆಲ್ಲ ಜಾಲಾಡಿ, ಅದರಲ್ಲಿ ಕನ್ನಡ ಕೃತಿಯ ಸ್ಥಾನವನ್ನು ಚರ್ಚಿಸಿದ್ದರು. ಕನ್ನಡ ಗದ್ಯಕೃತಿಯ ಕುರಿತ ಮಹತ್ತ್ವದ ವಿವೇಚನೆಯೊಂದು ಸಂಸ್ಕೃತ ಗ್ರಂಥದ ಮುಂದೆ ಇಂಗ್ಲಿಷಿನಲ್ಲಿ ಅಡಗಿದೆ! ಕನ್ನಡ ಪುಸ್ತಕಗಳ ಪಟ್ಟಿಯಲ್ಲಿ ಮಾತ್ರ ಹುಡುಕುವವನಿಗೆ ಅದು ಎಂದೂ ಕಾಣದು. ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡನಾಡಿನ ಜೈನ ಭಂಡಾರಗಳ ತಾಡಪತ್ರಗಳಿಗೆ ಮಾಡಿದ ಸೂಚಿಯೂ ಹೀಗೆಯೇ. ಅದು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹಿಂದಿಯಲ್ಲಿ ಹೊರಬಂದಿತು.

ಮುಂದಿನ ಚರ್ಚೆಯನ್ನು ಹಿಂಬಾಲಿಸದಿದ್ದರೂ ಹಾನಿಯೇ. ಕೃತಿಯ ಕರ್ತೃ ಶಿವಕೋಟ್ಯಾಚಾರ್ಯನೆಂಬುದು ಬಹುಕಾಲದ ರೂಢಿ. ಹಂಪ ನಾಗರಾಜಯ್ಯನವರು ಭ್ರಾಜಿಷ್ಣುವೇ ಇದರ ಕರ್ತೃವೆಂದೂ ಕೃತಿಯ ಹೆಸರು ‘ಆರಾಧನಾ ಕರ್ಣಾಟ ಟೀಕಾ’ ಎಂದೂ ವಾದಿಸಿದ್ದಾರೆ. ಈ ವಾದವನ್ನು ಒಪ್ಪಬಹುದು, ಖಂಡಿಸಬಹುದು. ಅದು ಹುಟ್ಟಿಯೇ ಇಲ್ಲವೆಂಬಂತೆ ಇಂದು ಪ್ರಬಂಧ ಬರೆಯುವುದು ಮಾತ್ರ ಸಲ್ಲದು. ಹಳೆಯ ಗ್ರಂಥದ ಅಡಿಟಿಪ್ಪಣಿಗಳು ಹಿಂದಕ್ಕೆ ಮಾತ್ರ ದಾರಿ ತೋರಿಸುತ್ತವೆ. ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತು ಬರೆದ ಗ್ರಂಥ (ಸೋಲಾಪುರ, 1957) ಈ ಸೀಮೆಯ ಜೈನ ಅವಶೇಷಗಳನ್ನು ಅರಸುವವರಿಗೆ ಇಂದಿಗೂ ಮೊದಲ ಆಸರೆ. 1957ರ ಈಚೆಗೆ ದೊರೆತ ಶಾಸನವನ್ನು ಅದು ಹೇಳಲಾರದು. ಅದನ್ನು ಉಲ್ಲೇಖಿಸಿದ ಮುಂದಿನ ಲೇಖನಗಳನ್ನು ಹುಡುಕಿಕೊಂಡು ಹೋದರೆ ಈಚಿನ ದಶಕಗಳ ಸಾಮಗ್ರಿ ಕೈಗೆ ಬರುತ್ತದೆ. ಗೂಗಲ್ ಸ್ಕಾಲರ್‌ನಂತಹ ಸಾಧನಗಳ ನಿಜವಾದ ಉಪಕಾರ ಇದು.

ಆದರೆ ಕನ್ನಡದ ಮಟ್ಟಿಗೆ ಆ ಸಾಧನಗಳು ಅರೆಗುರುಡು. ‘ಪ್ರಬುದ್ಧ ಕರ್ಣಾಟಕ’, ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, ‘ಶಿವಾನುಭವ’ಗಳ ಹಳೆಯ ಸಂಚಿಕೆಗಳು ಚಿತ್ರರೂಪದಲ್ಲಿ ದೊರೆತರೂ ಒಳಗಿನ ಅಕ್ಷರಗಳು ಎಷ್ಟೋ ವೇಳೆ ಹುಡುಕಾಟಕ್ಕೆ ಸಿಗುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಜೋಡಿಸಿದ ಕಡತಗಳು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಶೋಧಗಂಗಾ ಭಂಡಾರದಲ್ಲಿ ಕನ್ನಡ ಮಹಾಪ್ರಬಂಧಗಳಿವೆ. ಶೀರ್ಷಿಕೆ ಮಾತ್ರ ಕೆಲವೆಡೆ ಕನ್ನಡದಲ್ಲಿ, ಕೆಲವೆಡೆ ರೋಮನ್ ಲಿಪಿಯಲ್ಲಿ, ಕೆಲವೆಡೆ ಇಂಗ್ಲಿಷ್ ಅನುವಾದದಲ್ಲಿ. ಒಂದೇ ವಿಷಯವನ್ನು ಮೂರು ಬಗೆಯಾಗಿ ಹುಡುಕದೆ ‘ಈ ವಿಷಯದಲ್ಲಿ ಇದೇ ಮೊದಲ ಅಧ್ಯಯನ’ವೆಂದು ಪೀಠಿಕೆಯಲ್ಲಿ ಬರೆಯುವ ಸಾಹಸ ಇಂದಿಗೂ ನಡೆದಿದೆ.

ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವಿದೆ. ಅವರ ಬರಹಗಳ ಸಮಗ್ರ ಸಂಪುಟಗಳೂ ಎಂ. ಎಂ. ಕಲಬುರ್ಗಿಯವರ ಶ್ರಮದಿಂದ ಹೊರಬಂದಿವೆ. ನಗರಕ್ಕೆ ಹತ್ತಿರದ ತೊರವಿಯಲ್ಲಿ, ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರಿತ್ತ ಅದೇ ಊರಿನಲ್ಲಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿನ ಸಂಶೋಧನಾರ್ಥಿನಿ ಲಂಡನ್ನಿನ ಸೂಚಿಯನ್ನು ಕುಳಿತಲ್ಲಿಯೇ ತೆರೆಯಬಲ್ಲಳು. ಪಕ್ಕದ ಹಳ್ಳಿಯ ಮನೆಯ ಗೂಡಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಕಟ್ಟಿಗೆ ಇನ್ನೂ ಸೂಚಿಯಿಲ್ಲ. ಅದಕ್ಕಾಗಿ ಹಳಕಟ್ಟಿಯವರಂತೆ ಬಾಗಿಲಿಗೇ ಹೋಗಿ ಕೇಳಬೇಕು.