ಯಾವ ದಂಡೆಯಲ್ಲಿ ಬಿಡಾರ?

ಪರವೂರಿಗೆ ಹೋದವನ ಮೊದಲ ಚಿಂತೆ ಬಿಡಾರದ್ದು. ನೋಡಬೇಕಾದ ಗುಡಿಗೋಪುರಗಳೆಲ್ಲ ಆಮೇಲಿನ ಮಾತು. ಪೆಟ್ಟಿಗೆಯನ್ನು ಎಲ್ಲಿ ಇಳಿಸುವುದು, ಸ್ನಾನಕ್ಕೆ ನೀರೆಲ್ಲಿ, ರಾತ್ರಿಯ ಸೆಕೆಗೆ ಗಾಳಿಯೆಲ್ಲಿ ಎಂಬುದು ಮೊದಲು ತೀರ್ಮಾನವಾಗಬೇಕು. ಬಹುಮಟ್ಟಿಗೆ ಎಲ್ಲ ಊರುಗಳಲ್ಲಿಯೂ ಈ ಪ್ರಶ್ನೆಗೆ ನಮ್ಮ ಜೇಬೇ ಉತ್ತರ ಹೇಳಿಬಿಡುತ್ತದೆ. ಈಜಿಪ್ಟಿನ ಲಕ್ಸರ್ ಪಟ್ಟಣದಲ್ಲಿ ಮಾತ್ರ ಅಷ್ಟು ಸಾಲದು. ಅಲ್ಲಿ ಬಿಡಾರ ಹುಡುಕುವವನು ನೈಲ್ ನದಿಯ ಎರಡು ದಂಡೆಗಳಲ್ಲಿ ಒಂದನ್ನು ಮೊದಲು ಆರಿಸಿಕೊಳ್ಳಬೇಕು. ಆ ಆಯ್ಕೆಯ ಹಿಂದೆ ಮೂರೂವರೆ ಸಾವಿರ ವರ್ಷಗಳ ಚರಿತ್ರೆಯಿದೆ.

ಲಕ್ಸರ್ ಇರುವುದು ಕೈರೋದಿಂದ ದಕ್ಷಿಣಕ್ಕೆ, 600 ಕಿಲೋಮೀಟರಿಗೂ ಹೆಚ್ಚಿನ ದಾರಿ. ಮಳೆಯೆಂಬುದು ಅಲ್ಲಿ ಇಲ್ಲವೆಂದೇ ಹೇಳಬೇಕು. ಇಡೀ ವರ್ಷಕ್ಕೆ ಒಂದು ಅಂಗುಲವೂ ಬೀಳುವುದಿಲ್ಲ. ನದಿಯ ಎರಡು ಬದಿಗೂ ಹಸುರಿನ ಪಟ್ಟಿ; ಅದು ಮುಗಿದಲ್ಲಿ ಮರಳು ಮತ್ತು ಬೋಳುಗುಡ್ಡ. ನಡುವೆ ಕುರುಚಲು ಕಾಡು, ಹುಲ್ಲುಗಾವಲು ಎಂಬ ಮಧ್ಯಸ್ಥಿಕೆಯೇ ಇಲ್ಲ. ಒಂದು ಕಾಲನ್ನು ಪೈರಿನಲ್ಲಿಯೂ ಇನ್ನೊಂದನ್ನು ಮರುಭೂಮಿಯಲ್ಲಿಯೂ ಇಟ್ಟು ನಿಲ್ಲಬಹುದು. ಹಿಂದಿನ ಈಜಿಪ್ಟಿನವರು ಮೊದಲನೆಯದನ್ನು ಕಪ್ಪು ನೆಲವೆಂದೂ ಎರಡನೆಯದನ್ನು ಕೆಂಪು ನೆಲವೆಂದೂ ಕರೆದರು. ಕಪ್ಪು ನೆಲದಲ್ಲಿ ಮನೆ ಕಟ್ಟಿದರೆ ನೀರು ಹತ್ತಿರ. ಆದರೆ ಪ್ರತಿ ಬೇಸಗೆಯ ಕೊನೆಗೆ ಮಹಾಪೂರದ ಭಯ. ಕೆಂಪು ನೆಲದಲ್ಲಿ ಪೂರದ ಭಯವಿಲ್ಲ. ಆದರೆ ಒಂದೊಂದು ಕೊಡ ನೀರನ್ನೂ ಹೊತ್ತು ತರಬೇಕು. ಅಸ್ವಾನಿನ ಮಹಾ ಅಣೆಕಟ್ಟು 1970ರಲ್ಲಿ ಪೂರ್ಣಗೊಂಡು ನದಿಯ ಪೂರ ಹಿಂದಿನ ಕಥೆಯಾಗುವವರೆಗೂ ಈ ಕಡೆಯ ಮನೆಗಳೆಲ್ಲ ಈ ಲೆಕ್ಕಕ್ಕೆ ಒಳಪಟ್ಟಿದ್ದವು.

ಇದರ ಮೇಲೆ ಧರ್ಮದ ಲೆಕ್ಕವೊಂದು ಸೇರಿತು. ಸೂರ್ಯ ಹುಟ್ಟುವ ಮೂಡಣ ದಂಡೆ ಬದುಕಿರುವವರದು. ಅವನು ಮುಳುಗುವ ಪಡುವಣ ದಂಡೆ ಸತ್ತವರದು. ಆಗ ವಾಸೆತ್ ಎಂದೂ ಮುಂದೆ ಗ್ರೀಕರ ಬಾಯಲ್ಲಿ ಥೀಬ್ಸ್ ಎಂದೂ ಹೆಸರಾದ ಆ ರಾಜಧಾನಿಯ ಪೇಟೆಬೀದಿಗಳು, ಕಾರ್ನಾಕ್ ಮತ್ತು ಲಕ್ಸರಿನ ದೇವಾಲಯಗಳು ಮೂಡಣದಲ್ಲಿ ಬೆಳೆದವು. ದೊರೆಗಳ ಸಮಾಧಿಗಳನ್ನು ಪಡುವಣದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಕೊರೆದರು. ಆದರೆ ಶಾಸ್ತ್ರ ಹೇಳಿದಷ್ಟು ನೇರವಾಗಿ ಬದುಕು ಎಲ್ಲಿಯೂ ನಡೆಯುವುದಿಲ್ಲ. ಕ್ರಿ. ಪೂ. 14ನೆಯ ಶತಮಾನದಲ್ಲಿ ಮೂರನೆಯ ಅಮನ್‌ಹೋಟೆಪ್ ದೊರೆ ತನ್ನ ವಿಶಾಲವಾದ ಅರಮನೆಯನ್ನು ಕಟ್ಟಿಸಿದ್ದು ಪಡುವಣದ ಮಲ್ಕತಾ ಎಂಬಲ್ಲಿ. ದೊರೆಗೆ ಬೇಕಾದ ದಂಡೆಯೇ ಬದುಕಿನ ದಂಡೆಯಾಯಿತು.

ಸತ್ತವರ ದಂಡೆಯಲ್ಲಿ ದುಡಿಯುವುದಕ್ಕೆ ಬದುಕಿರುವವರೇ ಬೇಕಷ್ಟೆ. ಸಮಾಧಿಗಳನ್ನು ಕೊರೆಯುವ ಕಲ್ಲುಕುಟಿಗರು, ಚಿತ್ರ ಬರೆಯುವವರು, ಲಿಪಿಕಾರರು, ಇವರಿಗಾಗಿ ಗುಡ್ಡಗಳ ನಡುವಿನ ಒಣ ಕಣಿವೆಯಲ್ಲಿ ಒಂದು ಊರನ್ನು ಕಟ್ಟಿಸಲಾಯಿತು. ಈಗ ಅದರ ಹೆಸರು ದೈರ್ ಅಲ್ ಮದೀನಾ. ಸುತ್ತ ಗೋಡೆ, ನಡುವೆ ಕಿರಿದಾದ ಬೀದಿ, ಗೋಡೆಗೆ ಗೋಡೆ ತಾಗಿದ ಸುಮಾರು 70 ಮನೆಗಳು. ನಾಲ್ಕಾರು ಹೆಜ್ಜೆಯಲ್ಲಿ ಒಂದು ಮನೆಯ ಅಗಲ ಮುಗಿದುಹೋಗುತ್ತದೆ. ಅಲ್ಲಿ ಬಾವಿಯಿಲ್ಲ, ಹೊಲವಿಲ್ಲ. ನೀರು ಕತ್ತೆಗಳ ಮೇಲೆ ಬರಬೇಕು, ಕಾಳು ಸರಕಾರದ ಕಣಜದಿಂದ ಬರಬೇಕು. ಆ ಜಾಗವನ್ನು ಆ ಜನ ಆರಿಸಿಕೊಂಡವರಲ್ಲ; ಕೆಲಸಕ್ಕೆ ಹತ್ತಿರವೆಂದು ಅವರನ್ನು ಅಲ್ಲಿ ಇಡಲಾಯಿತು. ಹಾಗೆ ಇಟ್ಟವರು ಅನ್ನವನ್ನು ತಡಮಾಡಿದರೆ ಏನಾಗುತ್ತದೆ? ಕ್ರಿ. ಪೂ. 12ನೆಯ ಶತಮಾನದಲ್ಲಿ, ಮೂರನೆಯ ರಾಮ್ಸೆಸ್ ಪಟ್ಟಕ್ಕೆ ಬಂದ 29ನೆಯ ವರ್ಷ, ಪಡಿ ಬರಲಿಲ್ಲವೆಂದು ಅವರೆಲ್ಲ ಕೆಲಸ ಬಿಟ್ಟು ಹೊರಟು ದೊರೆಗಳ ದೇವಾಲಯಗಳ ಹಿಂದೆ ಹೋಗಿ ಕುಳಿತರು. ಆ ಮುಷ್ಕರದ ವಿವರವನ್ನು ಬರೆದಿಟ್ಟ ಪಪೈರಸ್ ಹಾಳೆ ಇಟಲಿಯ ಟ್ಯೂರಿನ್ ನಗರದಲ್ಲಿದೆ. ಲೋಕದ ಚರಿತ್ರೆಯಲ್ಲಿ ದಾಖಲೆಯುಳ್ಳ ಮೊದಲ ಮುಷ್ಕರಗಳಲ್ಲಿ ಅದೊಂದು.

ಸಾವಿರಾರು ವರ್ಷ ಕಳೆದವು. ದೊರೆಗಳು ಹೋದರು, ಅವರ ಸಮಾಧಿಗಳು ಉಳಿದವು. ಮುಂದೆ ಅವೇ ಬಿಡಾರಗಳಾದವು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊರಗೆ ಬಿಸಿಲು ಕೆಂಡವಾಗಿರುವಾಗ ಬಂಡೆಯ ಒಳಗಿನ ಕೋಣೆ ತಂಪಾಗಿರುತ್ತದೆ, ಬಾಡಿಗೆ ಕೇಳುವವರಿಲ್ಲ. 1829ರಲ್ಲಿ ಶಾಂಪೋಲಿಯೋ ಎಂಬ ಫ್ರೆಂಚ್ ವಿದ್ವಾಂಸ ತನ್ನ ಸಂಗಡಿಗರೊಡನೆ ಇಳಿದುಕೊಂಡದ್ದು ದೊರೆಗಳ ಕಣಿವೆಯ ನಾಲ್ಕನೆಯ ರಾಮ್ಸೆಸನ ಸಮಾಧಿಯಲ್ಲಿ. ಈಜಿಪ್ಟಿನ ಚಿತ್ರಲಿಪಿಯ ಬೀಗವನ್ನು 1822ರಲ್ಲಿ ತೆರೆದವನು ಇವನೇ. ಅವನಿಗಿಂತ ಶತಮಾನಗಳ ಹಿಂದೆಯೇ ಗ್ರೀಕ್ ಯಾತ್ರಿಕರೂ ಕ್ರೈಸ್ತರೂ ಅಲ್ಲಿಗೆ ಬಂದು ಗೋಡೆಗಳ ಮೇಲೆ ಗೀಚಿ ಹೋಗಿದ್ದರು. ಇಂಗ್ಲಿಷ್ ವಿದ್ವಾಂಸ ವಿಲ್ಕಿನ್ಸನ್ ಕೂಡ ಅದೇ ಕಾಲದಲ್ಲಿ ಶೇಖ್ ಅಬ್ದ್ ಅಲ್ ಗುರ್ನಾ ಎಂಬ ಗುಡ್ಡದ ಮೇಲಿನ ಸಮಾಧಿಯೊಂದನ್ನು ಮನೆ ಮಾಡಿಕೊಂಡಿದ್ದ. ಬಾಗಿಲಲ್ಲಿ ನಿಂತರೆ ಹೊಲ, ಹೊಲದಾಚೆ ನದಿ, ನದಿಯಾಚೆ ಕಾರ್ನಾಕ್.

ಮೂಡಣ ದಂಡೆಯಲ್ಲಿಯೂ ಹೀಗೆಯೇ. ಆಗ ಲಕ್ಸರಿನ ದೇವಾಲಯ ಮಣ್ಣಿನಲ್ಲಿ ಅರ್ಧ ಹೂತುಹೋಗಿ, ಊರೇ ಅದರ ಮೇಲೆ ಹತ್ತಿ ಕುಳಿತಿತ್ತು. ದೇವಾಲಯದ ಮೇಲೆಯೇ ಕಟ್ಟಿದ 'ಫ್ರಾನ್ಸಿನ ಮನೆ' ಎಂಬ ಕಟ್ಟಡದಲ್ಲಿ ಲೂಸಿ ಡಫ್ ಗಾರ್ಡನ್ ಎಂಬ ಇಂಗ್ಲಿಷ್ ಮಹಿಳೆ 1864ರಿಂದ ಕೆಲವು ವರ್ಷ ಇದ್ದರು. ಕ್ಷಯದಿಂದ ನರಳುತ್ತಿದ್ದ ಆಕೆ ಒಣಹವೆಯನ್ನು ಅರಸಿ ಬಂದವರು; ಊರಿನವರ ಭಾಷೆ ಕಲಿತು, ಅವರ ಕಾಯಿಲೆಕಸಾಲೆಗೆ ಔಷಧ ಕೊಟ್ಟು, ಅವರ ಕಷ್ಟವನ್ನು ಕುರಿತು ಮನೆಗೆ ಬರೆದ ಕಾಗದಗಳಿಂದ ಹೆಸರಾದರು. 1869ರಲ್ಲಿ ಕೈರೋದಲ್ಲಿ ತೀರಿಕೊಂಡರು. 1880ರ ದಶಕದಲ್ಲಿ ದೇವಾಲಯವನ್ನು ಅಗೆದು ತೆಗೆಯುವ ಕೆಲಸ ಶುರುವಾಯಿತು. ಮೇಲಿನ ಮನೆಗಳು ಹೋದವು. ಅಬೂ ಅಲ್ ಹಜ್ಜಾಜರ ಮಸೀದಿ ಮಾತ್ರ ಉಳಿಯಿತು. ಇಂದಿಗೂ ಅದರ ಹಳೆಯ ಬಾಗಿಲೊಂದು ದೇವಾಲಯದ ಅಂಗಳದ ಮೇಲೆ, ಅಂತರಿಕ್ಷದಲ್ಲಿ ತೆರೆದಂತೆ ಕಾಣುತ್ತದೆ.

ಬಳಿಕ ಬಂದದ್ದು ಹೋಟೆಲುಗಳ ಕಾಲ. ಥಾಮಸ್ ಕುಕ್ 1869ರಲ್ಲಿ ಪ್ರವಾಸಿಗಳ ತಂಡವನ್ನು ನೈಲಿಗೆ ಕರೆತಂದ. 1898ರಲ್ಲಿ ರೈಲು ಬಂತು. 1907ರಲ್ಲಿ ನದಿಗೆ ಎದುರಾಗಿ ವಿಂಟರ್ ಪ್ಯಾಲೇಸ್ ಎಂಬ ಭವ್ಯ ಹೋಟೆಲು ತೆರೆಯಿತು. ಟುಟಾಂಖಾಮನ್ ದೊರೆಯ ಸಮಾಧಿಯ ಶೋಧಕ್ಕೆ ಹಣ ಹಾಕಿದ ಲಾರ್ಡ್ ಕಾರ್ನಾರ್ವನ್ ಇಳಿದುಕೊಳ್ಳುತ್ತಿದ್ದದ್ದು ಅಲ್ಲಿಯೇ. ಅವನಿಗಾಗಿ ಅಗೆಯುತ್ತಿದ್ದ ಹವರ್ಡ್ ಕಾರ್ಟರನ ಮನೆ ಆಚೆ ದಂಡೆಯಲ್ಲಿ, ಕಣಿವೆಗೆ ಹೋಗುವ ದಾರಿಯ ದಿಬ್ಬದ ಮೇಲೆ. ದಪ್ಪ ಗೋಡೆ, ನಡುವೆ ಗುಮ್ಮಟ. ಅದಕ್ಕೆ ಬಳಸಿದ ಇಟ್ಟಿಗೆಗಳಲ್ಲಿ ಕೆಲವು ಇಂಗ್ಲೆಂಡಿನಿಂದ ಬಂದವು, ಕಾರ್ಟರನ ಹೆಸರನ್ನೂ 1910 ಎಂಬ ಇಸವಿಯನ್ನೂ ಹೊತ್ತವು. 1922ರ ನವೆಂಬರ್ 4ರಂದು ಸಮಾಧಿಯ ಮೊದಲ ಮೆಟ್ಟಿಲು ಸಿಕ್ಕಾಗ ಯಜಮಾನ ದೂರದ ಇಂಗ್ಲೆಂಡಿನಲ್ಲಿದ್ದ; ಕೆಲಸಗಾರ ಗುಡ್ಡದ ಬುಡದಲ್ಲಿದ್ದ.

ಈ ಅತಿಥಿಗಳ ಬಿಡಾರಗಳನ್ನೆಲ್ಲ ಚರಿತ್ರೆ ಅಕ್ಕರೆಯಿಂದ ಬರೆದಿಟ್ಟಿದೆ. ಆದರೆ ವಿಲ್ಕಿನ್ಸನ್ ಇದ್ದ ಅದೇ ಗುಡ್ಡದ ಮೇಲೆ ತಲೆತಲಾಂತರದಿಂದ ಇದ್ದ ಗುರ್ನಾದ ಜನರನ್ನು ಅದು ಕಂಡದ್ದು ಬೇರೊಂದು ಕಣ್ಣಿನಿಂದ. ಅವರೂ ಅಲ್ಲಿ ನೆಲೆಸಿದ್ದು ಅವೇ ಕಾರಣಗಳಿಗೆ: ಪೂರಕ್ಕೆ ಸಿಗದ ಎತ್ತರ, ಕೆಳಗೆ ಹೊಲ, ಒಳಗೆ ತಂಪು. ಸಮಾಧಿಯ ಬಾಯಿಗೆ ಹೊಂದಿಸಿ ಮಣ್ಣಿನ ಮನೆ ಕಟ್ಟಿ, ಬಣ್ಣ ಬಳಿದು, ಹಜ್ ಯಾತ್ರೆ ಮಾಡಿಬಂದವರು ಹಡಗು ವಿಮಾನಗಳ ಚಿತ್ರಗಳನ್ನು ಗೋಡೆಯ ಮೇಲೆ ಬರೆಸಿಕೊಂಡರು. ಅವರಲ್ಲಿ ಸಮಾಧಿಯ ವಸ್ತುಗಳನ್ನು ಮಾರಿದವರು ಇದ್ದರು. ಅಬ್ದ್ ಅಲ್ ರಸೂಲ್ ಮನೆತನದವರು ದೊರೆಗಳ ಹೆಣಗಳನ್ನು ಬಚ್ಚಿಟ್ಟಿದ್ದ ಗುಹೆಯನ್ನು ಕಂಡು ವರ್ಷಗಳ ಕಾಲ ಗುಟ್ಟಾಗಿ ಮಾರಾಟ ನಡೆಸಿದ್ದು 1881ರಲ್ಲಿ ಬಯಲಾಯಿತು. ಒಲೆಯ ಹೊಗೆಯಿಂದಲೂ ಬಚ್ಚಲ ನೀರಿನಿಂದಲೂ ಚಿತ್ರಗಳು ಕೆಟ್ಟದ್ದೂ ಸುಳ್ಳಲ್ಲ. ಇವನ್ನೆಲ್ಲ ಮರೆಮಾಡುವುದು ನನ್ನ ಉದ್ದೇಶವಲ್ಲ. ಆದರೆ ಶಾಂಪೋಲಿಯೋ ಮಹಾಶಯ ಮೊದಲನೆಯ ಸೇತಿ ದೊರೆಯ ಸಮಾಧಿಯಿಂದ ಚಿತ್ರಿತ ಫಲಕವೊಂದನ್ನು ಕೀಳಿಸಿ ಒಯ್ದದ್ದೂ ಸುಳ್ಳಲ್ಲ. ಅದು ಇಂದು ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಒಬ್ಬನದು ಸಂಗ್ರಹವಾಯಿತು, ಇನ್ನೊಬ್ಬನದು ಕಳವಾಯಿತು.

1940ರ ದಶಕದಲ್ಲಿ, ಸಮಾಧಿಯೊಂದರಿಂದ ಇಡೀ ಶಿಲ್ಪವೇ ಕಳವಾದ ಮೇಲೆ, ಸುಮಾರು 7000 ಜನರನ್ನು ಗುಡ್ಡದಿಂದ ಇಳಿಸಬೇಕೆಂದು ಸರಕಾರ ನಿಶ್ಚಯಿಸಿತು. ಹೊಸ ಊರನ್ನು ಕಟ್ಟುವ ಕೆಲಸ ಹಸನ್ ಫತ್ಹಿ ಎಂಬ ವಾಸ್ತುಶಿಲ್ಪಿಗೆ ಬಂತು. ಆತ ಜನರ ಮೇಲೆ ಪ್ರೀತಿಯಿದ್ದವನು. ಸಿಮೆಂಟು ಬಿಟ್ಟು ಹಸಿ ಇಟ್ಟಿಗೆಯಲ್ಲಿ, ನೂಬಿಯಾದ ಮೇಸ್ತ್ರಿಗಳನ್ನು ಕರೆಸಿ, ಗುಮ್ಮಟ ಕಮಾನುಗಳ ತಂಪಾದ ಮನೆಗಳನ್ನು ಕಟ್ಟಿಸಿದ. 1973ರಲ್ಲಿ ಹೊರಬಂದ ಅವನ ಇಂಗ್ಲಿಷ್ ಪುಸ್ತಕದಿಂದ ಆ ಊರು ಲೋಕಪ್ರಸಿದ್ಧವಾಯಿತು. ಆದರೆ ಊರು ಪೂರ್ತಿಯಾಗಲಿಲ್ಲ; ಯಾರಿಗಾಗಿ ಕಟ್ಟಿದನೋ ಆ ಜನ ಬರಲಿಲ್ಲ. ಹೊಟ್ಟೆಪಾಡು ಗುಡ್ಡದ ಮೇಲಿತ್ತು ಎಂಬುದು ಮುಖ್ಯ ಕಾರಣ. ಗುಮ್ಮಟವಿರುವುದು ಗೋರಿಗಳಿಗೆ, ಮನೆಗಳಿಗಲ್ಲ ಎಂದು ಅವರು ಹಿಂಜರಿದರೆಂದೂ ಹೇಳುತ್ತಾರೆ. ಸಮಾಧಿಗಳ ಮೇಲೆಯೇ ಮಲಗಿ ಏಳುತ್ತಿದ್ದವರ ಬಾಯಲ್ಲಿ ಈ ಮಾತು ನಗೆ ತರಿಸಬಹುದು. ಆದರೆ ತನ್ನ ಮನೆ ಹೇಗಿರಬೇಕೆಂದು ಹೇಳುವ ಹಕ್ಕು ಮನೆಯಲ್ಲಿರುವವನದಲ್ಲವೆ?

ಒಲಿಸಿ ಆಗದ ಕೆಲಸವನ್ನು ಕೊನೆಗೆ ಯಂತ್ರಗಳು ಮಾಡಿದವು. 2006ರ ಕೊನೆಯಲ್ಲಿ ಶುರುವಾಗಿ 2010ರ ಹೊತ್ತಿಗೆ ಗುಡ್ಡದ ಮನೆಗಳಲ್ಲಿ ಹೆಚ್ಚಿನವು ನೆಲಸಮವಾದವು. ಜನರನ್ನು ಉತ್ತರಕ್ಕೆ ಹೊಸ ಬಡಾವಣೆಗೆ ಸಾಗಿಸಿದರು. ಮೂಡಣ ದಂಡೆಯಲ್ಲಿಯೂ ಕಾರ್ನಾಕಿನಿಂದ ಲಕ್ಸರ್ ದೇವಾಲಯದವರೆಗಿನ ಸುಮಾರು 2.7 ಕಿಲೋಮೀಟರಿನ ಸ್ಫಿಂಕ್ಸ್ ಬೀದಿಯನ್ನು ಹೊರತೆಗೆಯಲು ಅನೇಕ ಮನೆಗಳನ್ನು ಕೆಡವಿದರು. 2021ರ ನವೆಂಬರಿನಲ್ಲಿ ದೀಪೋತ್ಸವದೊಡನೆ ಆ ಬೀದಿ ತೆರೆಯಿತು. ಕಾರ್ಟರನ ಮನೆಯನ್ನು ಯಾರೂ ಕೆಡವಲಿಲ್ಲ, ಅದು ವಸ್ತುಸಂಗ್ರಹಾಲಯವಾಗಿದೆ.

ಲಕ್ಸರಿಗೆ ಹೊರಟವರು ಎಲ್ಲಿ ಇಳಿದುಕೊಳ್ಳಬೇಕೆಂದು ನನ್ನನ್ನು ಕೇಳುವುದುಂಟು. ರೈಲು, ಪೇಟೆ, ಸಂಜೆ ನದಿಯಾಚೆ ಮುಳುಗುವ ಸೂರ್ಯ ಬೇಕಾದವರಿಗೆ ಮೂಡಣ ದಂಡೆ. ಬಿಸಿಲೇರುವ ಮುನ್ನ ಸಮಾಧಿಗಳನ್ನು ಮುಟ್ಟಬೇಕು, ಬೆಳಗಿನಲ್ಲಿ ಗುಡ್ಡ ಗುಲಾಬಿಯಾಗುವುದನ್ನು ಮಾಳಿಗೆಯಿಂದ ನೋಡಬೇಕು ಎನ್ನುವವರಿಗೆ ಪಡುವಣ ದಂಡೆ. ನನ್ನ ಓಟು ಎರಡನೆಯದಕ್ಕೆ. ದೋಣಿಕಟ್ಟೆಯ ಹತ್ತಿರದ ಹಳ್ಳಿಗಳಲ್ಲಿ ಅಲ್ಲಿನವರೇ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ. ನಾವು ತೆತ್ತ ಹಣ ಆ ದಂಡೆಯ ಮನೆಗಳಲ್ಲಿಯೇ ಉಳಿಯುತ್ತದೆ. ಆ ಮಾಳಿಗೆಯಿಂದ ಗುಡ್ಡದ ಇಳಿಜಾರನ್ನು ನೋಡಿದರೆ ಸಮಾಧಿಗಳ ಕಪ್ಪು ಬಾಗಿಲುಗಳು ಸಾಲಾಗಿ ಕಾಣುತ್ತವೆ. ಅವುಗಳ ನಡುವಿನ ಬರಿಯ ನೆಲದ ಮೇಲೂ ಕಣ್ಣು ನಿಲ್ಲಲಿ. ಅಲ್ಲಿ ತೊಟ್ಟಿಲು ತೂಗಿತ್ತು, ಒಲೆ ಉರಿದಿತ್ತು; ಆ ಜಾಗಕ್ಕೆ ಮಾರ್ಗದರ್ಶಿಗಳು ಟಿಕೀಟು ಕೇಳುವುದಿಲ್ಲ.